ಒಂದು ಹಂಗಾಮು, ಒಂದು ಪೂರ್ತಿ ವರ್ಷ

ಕಲಬುರಗಿ ಜಿಲ್ಲೆಯಲ್ಲಿ ಆಳಂದ ತಾಲ್ಲೂಕಿನ ಭೂಸನೂರ, ಅಫಜಲಪುರ ತಾಲ್ಲೂಕಿನ ಹವಳಗಾ, ಜೇವರ್ಗಿ ಸೀಮೆಯ ಮಳ್ಳಿ, ಈ ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಮಳೆಗಾಲ ಹಿಂದೆ ಸರಿದ ಮೇಲೆ ಕಬ್ಬು ನುರಿಸುವ ಹಂಗಾಮು ಶುರುವಾಗುತ್ತದೆ, ಬಿಸಿಲು ಬಲಿಯುವ ಹೊತ್ತಿಗೆ ಮುಗಿಯುತ್ತದೆ. ಹಂಗಾಮು ಮುಗಿದ ದಿನ ಗುತ್ತೇದಾರ ಲೆಕ್ಕ ಚುಕ್ತಾ ಮಾಡುತ್ತಾನೆ, ದುಡಿದವರು ಊರಿಗೆ ಮರಳುತ್ತಾರೆ. ಕೆಲವರು ಬೇಸಿಗೆ ಕಳೆಯಲು ಪುಣೆಗೋ ಬೆಂಗಳೂರಿಗೋ ಗುಳೆ ಹೋಗುತ್ತಾರೆ. ಈ ಸೀಮೆಯ ಕೊಳಕೂರದಂಥ ಊರುಗಳ ದುಡಿಮೆಯ ಕ್ಯಾಲೆಂಡರು ಇದು: ನಾಲ್ಕೈದು ತಿಂಗಳು ಕಾರ್ಖಾನೆ, ಒಂದಷ್ಟು ದಿನ ಹೊಲ, ಉಳಿದದ್ದು ದೂರದ ಊರು. ಹೀಗೆ ತುಂಡುತುಂಡಾಗಿ ದುಡಿಯುವವರಿಗೆ ಮುಪ್ಪಿನ ಪಿಂಚಣಿ ಎಲ್ಲಿಂದ ಬರಬೇಕು, ಅದೇನಿದ್ದರೂ ಕಾಯಂ ನೌಕರರ ಭಾಗ್ಯ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿದೆ. ಕಾನೂನಿನಲ್ಲಿ ಬರೆದದ್ದು ಬೇರೆಯೇ ಇದೆ. ಹಂಗಾಮಿ ಕೆಲಸಗಾರ ವರ್ಷದಲ್ಲಿ ಎಷ್ಟು ತಿಂಗಳು ದುಡಿದಿದ್ದರೂ ಪಿಂಚಣಿಯ ಲೆಕ್ಕಕ್ಕೆ ಅದು ಒಂದು ಪೂರ್ತಿ ವರ್ಷ. ಅಷ್ಟು ದೊಡ್ಡ ಹಕ್ಕು ಕೈಯಲ್ಲಿದ್ದೂ ಅದನ್ನು ಒಂದು ಅರ್ಜಿಯ ಮೇಲೆ ತಿಳಿಯದೆ ಬಿಟ್ಟುಕೊಡುವ ಸ್ಥಿತಿ ಏಕಿದೆ, ಅದನ್ನು ತಪ್ಪಿಸುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಮೊದಲು ವಂತಿಗೆಯ ಲೆಕ್ಕ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 12,000 ರೂಪಾಯಿ ಪಗಾರ ಇರುವ ಒಬ್ಬ ಕೆಲಸಗಾರನನ್ನು ಊಹಿಸಿಕೊಳ್ಳೋಣ. ಅವನ ಪಗಾರದಿಂದ ಶೇ 12, ಅಂದರೆ 1,440 ರೂಪಾಯಿ ಕಡಿತವಾಗುತ್ತದೆ. ಅಷ್ಟೇ ಮೊತ್ತವನ್ನು ಮಾಲೀಕ ತನ್ನ ಕೈಯಿಂದ ಹಾಕಬೇಕು. ಕೆಲಸಗಾರನ 1,440 ಪೂರ್ತಿಯಾಗಿ ಭವಿಷ್ಯ ನಿಧಿಗೆ, ಅಂದರೆ ನಮ್ಮ ಕಡೆಯವರು 'ಫಂಡು' ಎನ್ನುವ ಖಾತೆಗೆ ಹೋಗುತ್ತದೆ. ಮಾಲೀಕನ 1,440 ಮಾತ್ರ ಎರಡು ಭಾಗವಾಗುತ್ತದೆ. ಪಗಾರದ ಶೇ 8.33ರಷ್ಟು, ಹೆಚ್ಚುಕಡಿಮೆ 1,000 ರೂಪಾಯಿ, ಪಿಂಚಣಿ ನಿಧಿಗೆ. ಉಳಿದ 440 ಭವಿಷ್ಯ ನಿಧಿಗೆ. ಪಿಂಚಣಿ ನಿಧಿಗೆ ಕೇಂದ್ರ ಸರ್ಕಾರವೂ ಪಗಾರದ ಶೇ 1.16ರಷ್ಟನ್ನು ಸೇರಿಸುತ್ತದೆ. ಇದಲ್ಲದೆ ಠೇವಣಿ ಜೋಡಿತ ವಿಮೆಗೆ ಅರ್ಧ ಶೇಕಡಾ, ಆಡಳಿತ ವೆಚ್ಚಕ್ಕೆ ಅರ್ಧ ಶೇಕಡಾ ಕಟ್ಟುವ ಹೊಣೆಯೂ ಮಾಲೀಕನದೇ. ಪಿಂಚಣಿಯ ಲೆಕ್ಕಕ್ಕೆ ಪಗಾರದ ಮಿತಿ 2014ರ ಸೆಪ್ಟೆಂಬರ್ 1ರಿಂದ 15,000 ರೂಪಾಯಿ. ಹಾಗಾಗಿ ಪಗಾರ ಎಷ್ಟೇ ಇರಲಿ, ಸಾಮಾನ್ಯವಾಗಿ ಪಿಂಚಣಿ ನಿಧಿಗೆ ತಿಂಗಳಿಗೆ 1,250ಕ್ಕಿಂತ ಹೆಚ್ಚು ಹೋಗುವುದಿಲ್ಲ. ಈ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ನೇ ತಾರೀಕಿನೊಳಗೆ ಕಟ್ಟಬೇಕು. ಮಾಲೀಕನ ಪಾಲನ್ನೂ ಕೆಲಸಗಾರನ ಪಗಾರದಿಂದಲೇ ಮುರಿದುಕೊಳ್ಳುವುದು ಕಾನೂನಿಗೆ ವಿರುದ್ಧ.

ಪಾಸ್‌ಬುಕ್ ತೆರೆದು ನೋಡಿದರೆ ಈ ಹಣ ಮೂರು ಕಾಲಂಗಳಲ್ಲಿ ಕಾಣುತ್ತದೆ: ನೌಕರನ ಪಾಲು, ಮಾಲೀಕನ ಪಾಲು, ಪಿಂಚಣಿ ವಂತಿಗೆ. ವರ್ಷದ ಕೊನೆಗೆ ಮೊದಲ ಎರಡು ಕಾಲಂಗಳಿಗೆ ಬಡ್ಡಿ ಸೇರುತ್ತದೆ. 2023–24ಕ್ಕೂ 2024–25ಕ್ಕೂ ಅದು ಶೇ 8.25 ಇತ್ತು. ಮೂರನೆಯ ಕಾಲಂಗೆ ಒಂದು ಪೈಸೆ ಬಡ್ಡಿಯೂ ಸೇರುವುದಿಲ್ಲ. ಕೆಲಸ ಬದಲಿಸಿ ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿದಾಗ ಮೊದಲ ಎರಡು ಕಾಲಂಗಳ ಹಣ ಹೊಸ ಖಾತೆಯಲ್ಲಿ ಬಂದು ಕೂರುತ್ತದೆ, ಮೂರನೆಯದರಲ್ಲಿ ಸೊನ್ನೆ ಕಾಣುತ್ತದೆ. ಇಲ್ಲಿಂದಲೇ ಅನುಮಾನ ಹುಟ್ಟುತ್ತದೆ: ನಮ್ಮ ರೊಕ್ಕ ಎಲ್ಲಿ ಹೋಯಿತು, ಬಡ್ಡಿಯನ್ನು ಯಾರು ನುಂಗಿದರು? ಯಾರೂ ನುಂಗಿಲ್ಲ. ಆ ಕಾಲಂ ಉಳಿತಾಯದ ಲೆಕ್ಕವೇ ಅಲ್ಲ. ಅಲ್ಲಿ ಕಟ್ಟಿದ ರೊಕ್ಕ ದೇಶದ ಎಲ್ಲ ಸದಸ್ಯರ ಒಂದೇ ದೊಡ್ಡ ನಿಧಿಗೆ ಸೇರಿಹೋಗುತ್ತದೆ. ಸದಸ್ಯನ ಹೆಸರಿನಲ್ಲಿ ಉಳಿಯುವುದು ಸೇವೆಯ ಅವಧಿ. ಖಾತೆ ವರ್ಗಾವಣೆಯಾದಾಗ ಆ ಅವಧಿ ಅವನ ಹಿಂದೆಯೇ ಬರುತ್ತದೆ, ರೂಪಾಯಿ ಅಂಕಿಯಾಗಿ ಕಾಣದಿದ್ದರೂ ದಾಖಲೆಯಲ್ಲಿ ಇರುತ್ತದೆ. ಇದೊಂದು ಮಾತನ್ನು ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ಎಷ್ಟೋ ಜನ ಪಿಂಚಣಿಯ ಕಾಲಂ ನೋಡಿ ಗಾಬರಿಯಾಗಿ ಅದನ್ನು ಖಾಲಿ ಮಾಡಲು ಓಡುತ್ತಿರಲಿಲ್ಲ.

ತೊಗರಿ ಬೆಳೆಯುವ ನಾಡಿಗೆ ಈ ವ್ಯತ್ಯಾಸ ಹೊಸದಲ್ಲ. ಮುಂಗಾರಿಗೆ ತೊಗರಿಯ ಸಾಲುಗಳ ನಡುವೆ ಹೆಸರನ್ನೋ ಉದ್ದನ್ನೋ ಬಿತ್ತುತ್ತಾರೆ. ಹೆಸರು ಎರಡು–ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ, ಆ ರೊಕ್ಕ ಹಬ್ಬಕ್ಕೋ ಗೊಬ್ಬರಕ್ಕೋ ಆಗುತ್ತದೆ. ಹೆಸರು ಕಿತ್ತರೂ ತೊಗರಿ ತನ್ನ ಪಾಡಿಗೆ ಬೇರಿಳಿಸಿಕೊಂಡು ನಿಲ್ಲುತ್ತದೆ, ಚಳಿಗಾಲಕ್ಕೆ ಕಾಯಿ ಕಟ್ಟುತ್ತದೆ. ಭವಿಷ್ಯ ನಿಧಿ ಹೆಸರಿನ ಬೆಳೆಯಂತೆ. ಕಾಯಿಲೆ, ಮದುವೆ, ಮನೆ ಕಟ್ಟುವುದು ಇಂಥ ಕಾರಣಗಳಿಗೆ ನಡುವೆ ಅದರಿಂದ ತೆಗೆಯಬಹುದು, ತೆಗೆದರೂ ಪಿಂಚಣಿಗೆ ಕುಂದಿಲ್ಲ. ಪಿಂಚಣಿ ತೊಗರಿಯಂತೆ. ಅದಕ್ಕೆ ಅವಧಿ ತುಂಬಬೇಕು. ಕನಿಷ್ಠ 10 ವರ್ಷ ಸೇವೆ ಇದ್ದರೆ 58ರ ವಯಸ್ಸಿಗೆ ಪಿಂಚಣಿ ಶುರುವಾಗುತ್ತದೆ. 50 ದಾಟಿದ ಮೇಲೆ ಬೇಗ ಬೇಕೆಂದರೂ ಸಿಗುತ್ತದೆ, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ವರ್ಷಕ್ಕೆ ಶೇ 4ರಂತೆ ಇಳಿಯುತ್ತದೆ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಚೂರನ್ನು ಒಂದು ವರ್ಷವೆಂದೇ ಹಿಡಿಯುವುದರಿಂದ ಒಂಬತ್ತೂವರೆ ವರ್ಷವಾದರೂ ಹತ್ತೆಂದೇ ಲೆಕ್ಕ. ತಿಂಗಳ ಪಿಂಚಣಿಯ ಸೂತ್ರ ಸರಳ: ಕೊನೆಯ 60 ತಿಂಗಳ ಸರಾಸರಿ ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 20 ವರ್ಷ ಸೇವೆ ಮಾಡಿ 58ಕ್ಕೆ ನಿವೃತ್ತರಾದವರಿಗೆ ಇನ್ನೆರಡು ವರ್ಷ ಉಚಿತವಾಗಿ ಸೇರುತ್ತವೆ. ಸೂತ್ರದಲ್ಲಿ ಎಲ್ಲಿಯೂ 'ನೀನು ಎಷ್ಟು ಕಟ್ಟಿದೆ' ಎಂಬ ಪ್ರಶ್ನೆ ಇಲ್ಲ. 'ಎಷ್ಟು ವರ್ಷ ಇದ್ದೆ, ಕೊನೆಗೆ ಎಷ್ಟು ಪಗಾರ ಇತ್ತು' ಎಂಬ ಎರಡೇ ಪ್ರಶ್ನೆ.

ಹಂಗಾಮಿ ಕೆಲಸಗಾರನ ಹಕ್ಕಿನ ಬೆಲೆ ತಿಳಿಯುವುದು ಇಲ್ಲಿ. 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ, ಅರ್ಹ ಸೇವೆಯನ್ನು ಎಣಿಸುವ ಪ್ಯಾರಾಕ್ಕೆ ಒಂದು ವಿವರಣೆ ಜೋಡಿಸಿದ್ದಾರೆ. ಹಂಗಾಮಿನಲ್ಲಿ ಕೆಲಸ ಮಾಡುವ ನೌಕರರು ಒಂದು ವರ್ಷದಲ್ಲಿ ಮಾಡಿದ ನಿಜವಾದ ಸೇವೆ ವರ್ಷಕ್ಕಿಂತ ಕಡಿಮೆ ಇದ್ದರೂ ಅದನ್ನು ಪೂರ್ತಿ ವರ್ಷವೆಂದು ಪರಿಗಣಿಸಬೇಕು ಎಂದು ಅದು ಹೇಳುತ್ತದೆ. 12,000 ಪಗಾರದವನು ಐದು ತಿಂಗಳ ಹಂಗಾಮು ಮಾಡಿದರೆ ಅವನ ಹೆಸರಿನಲ್ಲಿ ಪಿಂಚಣಿ ನಿಧಿಗೆ ಮಾಲೀಕ ಕಟ್ಟುವುದು ಸುಮಾರು 5,000 ರೂಪಾಯಿ. ವರ್ಷವಿಡೀ ಅದೇ ಪಗಾರಕ್ಕೆ ದುಡಿದವನ ಹೆಸರಿನಲ್ಲಿ 12,000 ಹೋಗಿರುತ್ತದೆ. ಇಬ್ಬರಿಗೂ ಸಿಗುವುದು ಒಂದೊಂದು ವರ್ಷದ ಸೇವೆ. ಪಗಾರ ಅದೇ ಇದ್ದರೆ 10 ಹಂಗಾಮು ಮುಗಿಸಿದವನ ಪಿಂಚಣಿ ತಿಂಗಳಿಗೆ 1,714 ರೂಪಾಯಿ. 10 ವರ್ಷ ಸತತ ದುಡಿದವನದೂ ಅಷ್ಟೇ. 20 ಹಂಗಾಮು ಮುಗಿಸಿ 58 ಮುಟ್ಟಿದರೆ ಉಚಿತ ಎರಡು ವರ್ಷ ಸೇರಿ 3,771 ರೂಪಾಯಿ. ಬಡವನ ಪಾಲಿಗೆ ಇಷ್ಟು ಉದಾರವಾದ ಲೆಕ್ಕ ಇಡೀ ಯೋಜನೆಯಲ್ಲಿ ಇನ್ನೊಂದಿಲ್ಲ. ಇದನ್ನು ದಾನವೆಂದು ತಿಳಿಯಬೇಕಾಗಿಯೂ ಇಲ್ಲ. ಕಬ್ಬು ವರ್ಷಪೂರ್ತಿ ನುರಿಸಲು ಬರುವುದಿಲ್ಲ, ಕೆಲಸವಿಲ್ಲದ ತಿಂಗಳುಗಳು ಕೆಲಸಗಾರನ ಸೋಮಾರಿತನದಿಂದ ಬಂದವಲ್ಲ ಎಂದು ಕಾನೂನು ಒಪ್ಪಿಕೊಂಡಿದೆ. ವಂತಿಗೆ ಲೆಕ್ಕ ಹಾಕುವ ವೇತನದಲ್ಲಿ ಮೂಲ ವೇತನ, ತುಟ್ಟಿಭತ್ಯೆಗಳ ಜೊತೆಗೆ ಕಾರ್ಖಾನೆ ನಿಂತಿರುವ ಅವಧಿಯಲ್ಲಿ ಕೆಲಸಗಾರನನ್ನು ಉಳಿಸಿಕೊಳ್ಳಲು ಕೊಡುವ ಭತ್ಯೆಯನ್ನೂ 1952ರ ಭವಿಷ್ಯ ನಿಧಿ ಕಾಯ್ದೆ ಸೇರಿಸಿದ್ದು ಇದೇ ತಿಳುವಳಿಕೆಯಿಂದ.

ಹಾಗಿದ್ದರೂ ವ್ಯವಸ್ಥೆಯ ಮೈಕಟ್ಟು ಕಾಯಂ ಕೆಲಸಗಾರನ ಅಳತೆಗೆ ಹೊಲಿದದ್ದು ಎಂಬುದನ್ನು ಮರೆಯುವಂತಿಲ್ಲ. 1951ರ ನವೆಂಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1952ರಲ್ಲಿ ಕಾಯ್ದೆಯಾದ ಭವಿಷ್ಯ ನಿಧಿ ಮೊದಲು ಅನ್ವಯವಾದದ್ದು ಆರು ಉದ್ಯಮಗಳಿಗೆ: ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಬಟ್ಟೆ. ಈ ಆರರಲ್ಲಿ ಎರಡು ಕಲಬುರಗಿ ಸೀಮೆಯಲ್ಲಿ ಆಗಲೇ ಬೇರೂರಿದ್ದವು. ಶಹಾಬಾದಿನಲ್ಲಿ ಸಿಮೆಂಟು ಕಾರ್ಖಾನೆ ಇತ್ತು, ಕಲಬುರಗಿ ನಗರದಲ್ಲಿ ಎಂಎಸ್‌ಕೆ ಮಿಲ್ಲು ನೂಲು ತೆಗೆಯುತ್ತಿತ್ತು. ಒಂದೇ ಗೇಟಿನೊಳಗೆ ಹರೆಯದಲ್ಲಿ ಹೋಗಿ ಮುಪ್ಪಿನಲ್ಲಿ ಹೊರಬರುವವನಿಗೆ ಫಂಡಿನ ಖಾತೆ ಒಂದೇ, ಸೇವೆ ಒಂದೇ, ಕಚೇರಿಯ ಗುಮಾಸ್ತನೂ ಗುರುತಿನವನೇ. 1971ರಲ್ಲಿ ಕುಟುಂಬ ಪಿಂಚಣಿ, 1995ರಲ್ಲಿ ಈಗಿನ ಪಿಂಚಣಿ ಬಂದಾಗಲೂ ಕಣ್ಣ ಮುಂದಿದ್ದ ಚಿತ್ರ ಹೆಚ್ಚುಕಡಿಮೆ ಅದೇ. ಇಂದು ಅದೇ ಸೀಮೆಯ ಯುವಕ ಒಂದು ವರ್ಷ ಸಕ್ಕರೆ ಕಾರ್ಖಾನೆ, ಮರುವರ್ಷ ಸೇಡಂ ಕಡೆಯ ಸಿಮೆಂಟು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಆಮೇಲೆ ಬೆಂಗಳೂರಿನ ಸೆಕ್ಯುರಿಟಿ ಏಜೆನ್ಸಿ ಎಂದು ಅಲೆಯುತ್ತಾನೆ. 2014ರಲ್ಲಿ ಬಂದ ಯುಎಎನ್ ಎಂಬ 12 ಅಂಕಿಗಳ ಸಂಖ್ಯೆ ಈ ಅಲೆದಾಟವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಲೆಂದೇ ಬಂದದ್ದು. ಕೆಲಸ ಬದಲಾದಂತೆ ಸದಸ್ಯ ಖಾತೆ ಬದಲಾಗಬಹುದು, ಯುಎಎನ್ ಬದಲಾಗಬಾರದು. ಪ್ರತಿ ಗುತ್ತೇದಾರನಲ್ಲೂ ಹೊಸ ಸಂಖ್ಯೆ ಮಾಡಿಸಿಕೊಂಡರೆ ದಾರ ಹರಿದು ಮಣಿಗಳು ಚೆಲ್ಲಿಹೋಗುತ್ತವೆ.

ಆದರೆ ದಾರವನ್ನು ನಾವಾಗಿಯೇ ಕತ್ತರಿಸುವ ಜಾಗ ಇನ್ನೊಂದಿದೆ. ಅದರ ಹೆಸರು 10ಸಿ ಫಾರ್ಮು. ಕೆಲಸ ಬಿಟ್ಟವರು ಆನ್‌ಲೈನ್ ಸೆಂಟರಿಗೆ ಹೋಗಿ 'ಪಿಎಫ್ ತೆಗೆದುಕೊಡು' ಎಂದರೆ, ಸಾಮಾನ್ಯವಾಗಿ ಎರಡು ಅರ್ಜಿ ಒಟ್ಟಿಗೇ ಹೋಗುತ್ತವೆ. 19ನೇ ಫಾರ್ಮು ಭವಿಷ್ಯ ನಿಧಿಯನ್ನು ಪೂರ್ತಿ ತೆಗೆಯಲು. 10ಸಿ ಪಿಂಚಣಿಗೆ ಸಂಬಂಧಿಸಿದ್ದು. ಈ 10ಸಿಯಲ್ಲಿ ಎರಡು ದಾರಿಗಳಿವೆ. ಒಂದು, ಪಿಂಚಣಿ ಹಣವನ್ನು ಗಂಟಾಗಿ ಹಿಂಪಡೆಯುವುದು. ಇನ್ನೊಂದು, ಹಣ ಮುಟ್ಟದೆ ಸ್ಕೀಮ್ ಸರ್ಟಿಫಿಕೇಟ್ ಪಡೆಯುವುದು. ಸರ್ಟಿಫಿಕೇಟಿನಲ್ಲಿ ಇಲ್ಲಿಯವರೆಗಿನ ಸೇವೆಯ ಅವಧಿ, ಪಗಾರ, ಕುಟುಂಬದವರ ವಿವರ ಬರೆದಿರುತ್ತದೆ. ಮುಂದೆ ಯಾವ ಊರಿನ ಯಾವ ಕಾರ್ಖಾನೆಗೆ ಸೇರಿದರೂ ಹಳೆಯ ವರ್ಷಗಳು ಹೊಸ ವರ್ಷಗಳಿಗೆ ಕೂಡಿಕೊಳ್ಳುತ್ತವೆ. ಮೊದಲನೆಯ ದಾರಿ ಹಿಡಿದರೆ ಸೇವೆ ಅಳಿಸಿಹೋಗಿ ಎಣಿಕೆ ಮತ್ತೆ ಒಂದರಿಂದ ಶುರು. ಎಂಟು ಹಂಗಾಮು ಮಾಡಿದವನು ಇನ್ನೆರಡು ಮಾಡಿದ್ದರೆ ಜೀವನಪರ್ಯಂತ ಪಿಂಚಣಿಗೆ ಬಾಧ್ಯನಾಗುತ್ತಿದ್ದ. 10ಸಿಯ ಮೇಲಿನ ಒಂದು ಗುರುತು ಅವನನ್ನು ಸೊನ್ನೆಗೆ ತಂದು ನಿಲ್ಲಿಸುತ್ತದೆ. ಹತ್ತು ವರ್ಷ ತುಂಬಿದ ಮೇಲೆ ಹಿಂಪಡೆಯಲು ಕಾನೂನೇ ಬಿಡುವುದಿಲ್ಲ. ಹತ್ತರೊಳಗೆ ಇರುವವರಿಗೆ ಆ ರಕ್ಷಣೆ ಇಲ್ಲ, ಗುಳೆಯ ಸೀಮೆಯಲ್ಲಿ ಹೆಚ್ಚು ಜನ ಇರುವುದೂ ಆ ಹತ್ತರೊಳಗೇ.

ಇದಕ್ಕೆ ಬರುವ ಮೊದಲ ಆಕ್ಷೇಪ ಲೆಕ್ಕ ಬಲ್ಲವರದು. ಈಗ ಬರುವ ಗಂಟನ್ನು ಬ್ಯಾಂಕಿನಲ್ಲಿ ಇಟ್ಟರೆ 58ರ ಹೊತ್ತಿಗೆ ಈ ಪಿಂಚಣಿಗಿಂತ ಹೆಚ್ಚು ಬಡ್ಡಿ ಬರುತ್ತದೆ ಎನ್ನುತ್ತಾರೆ. ಇದನ್ನು ಪ್ರಾಮಾಣಿಕವಾಗಿ ಅಳೆದು ನೋಡಬೇಕು. ಒಬ್ಬ ಯುವಕ 7,000 ಪಗಾರಕ್ಕೆ ಐದು ತಿಂಗಳ ಹಂಗಾಮು ಮಾಡಿದ ಎಂದುಕೊಳ್ಳೋಣ. ಪಿಂಚಣಿ ನಿಧಿಗೆ ಹೋದದ್ದು ಸುಮಾರು 2,900 ರೂಪಾಯಿ. ಅಷ್ಟನ್ನು ಶೇ 7ರ ಚಕ್ರಬಡ್ಡಿಗೆ 30 ವರ್ಷ ಮುಟ್ಟದೆ ಇಟ್ಟರೆ 22,000 ರೂಪಾಯಿಯ ಆಸುಪಾಸಿಗೆ ಬೆಳೆಯುತ್ತದೆ. ಆಗ ತಿಂಗಳ ಬಡ್ಡಿ ಸುಮಾರು 130 ರೂಪಾಯಿ. ಅದೇ ಹಂಗಾಮನ್ನು ಪಿಂಚಣಿಯಲ್ಲಿ ಉಳಿಸಿಕೊಂಡು, ಕೊನೆಯ ವರ್ಷಗಳಲ್ಲಿ ಪಗಾರ 15,000 ಮುಟ್ಟಿದ್ದರೆ, ಆ ಒಂದು ವರ್ಷದ ಬೆಲೆ 15,000ವನ್ನು 70ರಿಂದ ಭಾಗಿಸಿದಷ್ಟು, ಅಂದರೆ ತಿಂಗಳಿಗೆ 214 ರೂಪಾಯಿ. ಕಾರಣ ಸ್ಪಷ್ಟ: ಹರೆಯದಲ್ಲಿ ಕಡಿಮೆ ಪಗಾರಕ್ಕೆ ದುಡಿದ ವರ್ಷವನ್ನೂ ಸೂತ್ರ ಕೊನೆಯ ಪಗಾರದಲ್ಲೇ ತೂಗುತ್ತದೆ. ವರ್ಷವಿಡೀ ವಂತಿಗೆ ಕಟ್ಟುವ ಯುವಕನಿಗೆ ಬ್ಯಾಂಕಿನ ಲೆಕ್ಕ ಕಾಗದದ ಮೇಲೆ ಗೆಲ್ಲಬಹುದು, ಅದನ್ನು ಒಪ್ಪುತ್ತೇನೆ. ಹಂಗಾಮಿ ಕೆಲಸಗಾರನಿಗೆ ಕಾಗದದ ಮೇಲೂ ಗೆಲ್ಲುವುದಿಲ್ಲ. ಅಲ್ಲದೆ ಬ್ಯಾಂಕಿನ ಲೆಕ್ಕದಲ್ಲಿ ಮನೆಯವರಿಗೆ ಆಸರೆ ಇಲ್ಲ. ಸದಸ್ಯ ಕೆಲಸದಲ್ಲಿರುವಾಗಲೇ ತೀರಿಕೊಂಡರೆ, ಒಂದೇ ತಿಂಗಳ ವಂತಿಗೆ ಸಂದಿದ್ದರೂ, ಹೆಂಡತಿಗೆ ಪಿಂಚಣಿ, ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ ಅದರ ಕಾಲುಭಾಗದಂತೆ ಪಿಂಚಣಿ ಇದೆ. ವಿಮೆಯ ಮೊತ್ತ ಬೇರೆ, ಅದು 7 ಲಕ್ಷದವರೆಗೂ ಹೋಗುತ್ತದೆ.

ಎರಡನೆಯ ಆಕ್ಷೇಪ ಹೊಟ್ಟೆಯದು, ಅದು ಹೆಚ್ಚು ಭಾರವಾದದ್ದು. ಸಾಲಗಾರ ಬಾಗಿಲಲ್ಲಿ ನಿಂತಿರುವಾಗ ಮೂವತ್ತು ವರ್ಷದ ನಂತರದ ಸಾವಿರದೇಳುನೂರು ರೂಪಾಯಿ ಯಾರಿಗೆ ಬೇಕು? ಆ ಮೊತ್ತವಾದರೂ ಎಷ್ಟರದು? ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿ ಎಂದು ಗೊತ್ತುಮಾಡಿದ್ದು 2014ರಲ್ಲಿ. ಬೇಳೆ, ಎಣ್ಣೆ, ಔಷಧದ ಬೆಲೆ ಏರಿದಂತೆ ಅದು ಏರುವುದಿಲ್ಲ, ಏಕೆಂದರೆ ಈ ಪಿಂಚಣಿಗೆ ತುಟ್ಟಿಭತ್ಯೆಯ ಜೋಡಣೆಯೇ ಇಲ್ಲ. ಕನಿಷ್ಠ ಮೊತ್ತವನ್ನು 7,500ಕ್ಕೆ ಏರಿಸಿ ತುಟ್ಟಿಭತ್ಯೆ ಸೇರಿಸಬೇಕೆಂದು ಪಿಂಚಣಿದಾರರ ಸಂಘಟನೆಗಳು ವರ್ಷಗಳಿಂದ ಕೇಳುತ್ತಿವೆ. ಮೊತ್ತ ಎಷ್ಟಿರಬೇಕೆಂಬ ಬಗ್ಗೆ ವಾದ ಇರಬಹುದು. ಅದು ಏರಲೇಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪಿಂಚಣಿ ಸಣ್ಣದು ಎಂಬ ಕಾರಣಕ್ಕೆ ಸೇವೆಯನ್ನೇ ಅಳಿಸಿಕೊಂಡವನಿಗೆ ನಾಳೆ ಅದು ಏರಿದರೂ ಪ್ರಯೋಜನವಿಲ್ಲ; ಏರಿಕೆಯ ಲಾಭ ವರ್ಷಗಳನ್ನು ಉಳಿಸಿಕೊಂಡವರಿಗೆ ಮಾತ್ರ. ಇಂದಿನ ತುರ್ತಿಗೆ ಹೆಸರಿನ ಬೆಳೆ ಇದೆಯಲ್ಲ. 12,000 ಪಗಾರದ ಉದಾಹರಣೆಯಲ್ಲಿ ತಿಂಗಳಿಗೆ 1,880 ರೂಪಾಯಿ ಭವಿಷ್ಯ ನಿಧಿಗೆ ಸೇರುತ್ತದೆ, ಐದು ತಿಂಗಳಿಗೆ 9,400. ತುರ್ತಿಗೆ ಆ ಖಾತೆಯಿಂದ ತೆಗೆಯಲಿ. 19ನೇ ಫಾರ್ಮು ತುಂಬಿದರೂ ಪಿಂಚಣಿಗೆ ಧಕ್ಕೆಯಿಲ್ಲ, 10ಸಿಯಲ್ಲಿ ಹಿಂಪಡೆಯದಿದ್ದರೆ ಸಾಕು. ಇದೇ ತಿಳುವಳಿಕೆಯಿಂದಲೋ ಏನೋ, 2025ರ ಅಕ್ಟೋಬರ್‌ನಲ್ಲಿ ಭವಿಷ್ಯ ನಿಧಿಯ ಕೇಂದ್ರ ಮಂಡಳಿ, ಕೆಲಸ ಬಿಟ್ಟ ಎರಡು ತಿಂಗಳಿಗೇ ಪಿಂಚಣಿ ಹಣ ಹಿಂಪಡೆಯಲು ಇದ್ದ ಅವಕಾಶವನ್ನು 36 ತಿಂಗಳಿಗೆ ಮುಂದೂಡುವ ತೀರ್ಮಾನ ಮಾಡಿತು. ತೀರ್ಮಾನದ ದಿಕ್ಕು ಸರಿಯಾದದ್ದು. ಆದರೆ ಕಾರಣ ವಿವರಿಸದೆ ಬಾಗಿಲು ಮುಚ್ಚಿದರೆ 'ನಮ್ಮ ರೊಕ್ಕ ಹಿಡಿದಿಟ್ಟರು' ಎಂಬ ಹಳೆಯ ಅಪನಂಬಿಕೆ ಇನ್ನಷ್ಟು ಬಲಿಯುತ್ತದೆ. ಬಾಗಿಲು ಮುಚ್ಚುವವರು ಅದರ ಆಚೆ ಏನಿದೆ ಎಂದೂ ತೋರಿಸಬೇಕು.

ಮೂರನೆಯದು ಅನುಭವದ ಮಾತು: ಗುತ್ತೇದಾರ ರೊಕ್ಕ ಮುರಿದುಕೊಳ್ಳುತ್ತಾನೆ, ಕಟ್ಟುವುದಿಲ್ಲ, ಮುಂದಿನ ಹಂಗಾಮಿಗೆ ಅವನೇ ಇರುವುದಿಲ್ಲ. ಇಂಥ ಕಡೆ ವರ್ಷ ಉಳಿಸಿಕೊಳ್ಳಿ ಎಂಬ ಬುದ್ಧಿಮಾತಿಗೆ ಏನು ಬೆಲೆ? ಇಲ್ಲಿ ಕೆಲಸಗಾರನಿಗೆ ಕಾನೂನು ಕೊಟ್ಟಿರುವ ಹಿಡಿ ಬಹಳ ಗಟ್ಟಿಯಾದದ್ದು, ಆದರೆ ಅದನ್ನು ಬಲ್ಲವರು ಕಡಿಮೆ. 1952ರ ಭವಿಷ್ಯ ನಿಧಿ ಯೋಜನೆಯ 30ನೇ ಪ್ಯಾರಾದ ಪ್ರಕಾರ, ಗುತ್ತೇದಾರನ ಮೂಲಕ ಬಂದ ಕೆಲಸಗಾರರ ವಂತಿಗೆಗೂ ಮುಖ್ಯ ಮಾಲೀಕನೇ, ಅಂದರೆ ಕಾರ್ಖಾನೆಯೇ ಹೊಣೆ. ಗುತ್ತೇದಾರ ಕಟ್ಟದಿದ್ದರೆ ಕಾರ್ಖಾನೆ ಕಟ್ಟಿ, ಗುತ್ತೇದಾರನ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ಕೆಲಸಗಾರನ ಪಗಾರದಿಂದ ಮುರಿದ ಪಾಲನ್ನು ಕಟ್ಟದೆ ಇಟ್ಟುಕೊಂಡರೆ ಅದನ್ನು ನಂಬಿಕೆದ್ರೋಹದ ಅಪರಾಧವೆಂದು ದಂಡ ಸಂಹಿತೆಯೇ ಬಗೆಯುತ್ತದೆ. ತಡವಾದ ವಂತಿಗೆಗೆ ವರ್ಷಕ್ಕೆ ಶೇ 12ರ ಬಡ್ಡಿ ಕಟ್ಟಬೇಕು, ಅದರ ಮೇಲೆ ದಂಡವೂ ಇದೆ. ಕಾನೂನು ಇಷ್ಟು ಹೇಳಿದರೂ ಕೆಲಸಗಾರ ದೂರು ಕೊಡುವುದು ಹಂಗಾಮು ಮುಗಿದು ಗುತ್ತೇದಾರ ಕೈಗೆ ಸಿಗದಾದ ಮೇಲೆ. ಪ್ರತಿ ತಿಂಗಳು 15ನೇ ತಾರೀಕು ಕಳೆದ ಮೇಲೆ ಪಾಸ್‌ಬುಕ್ ನೋಡುವ ರೂಢಿ ಬಂದರೆ ಒಂದೇ ತಿಂಗಳ ಬಾಕಿಯಲ್ಲೇ ಕಳ್ಳತನ ಹೊರಬೀಳುತ್ತದೆ. ಪ್ರಾದೇಶಿಕ ಕಚೇರಿ ಕಲಬುರಗಿಯಲ್ಲೇ ಇದೆ. ಪ್ರತಿ ತಿಂಗಳ 27ರಂದು ಜಿಲ್ಲೆಜಿಲ್ಲೆಯಲ್ಲಿ ನಡೆಸಬೇಕಾದ 'ನಿಧಿ ಆಪ್ಕೆ ನಿಕಟ್' (ನಿಧಿ ನಿಮ್ಮ ಹತ್ತಿರ) ಶಿಬಿರವನ್ನು ಹಂಗಾಮಿನ ತಿಂಗಳುಗಳಲ್ಲಿ ಕಾರ್ಖಾನೆಯ ಗೇಟಿನ ಬಳಿಯೇ ನಡೆಸಿದರೆ ಅದರ ಹೆಸರಿಗೆ ಅರ್ಥ ಬರುತ್ತದೆ.

ಇನ್ನು ಹೆಸರು ಮತ್ತು ಹುಟ್ಟಿದ ತಾರೀಕಿನ ತೊಡಕು. ಶಾಲೆಗೆ ಸೇರಿಸಿಕೊಳ್ಳುವಾಗ ಮಾಸ್ತರರು ಅಂದಾಜಿಗೆ ಬರೆದ ಜೂನ್ 1 ಒಂದು ಕಡೆ, ವಯಸ್ಸಷ್ಟೇ ಹೇಳಿ ಮಾಡಿಸಿದ ಆಧಾರದಲ್ಲಿ ಜನವರಿ 1 ಇನ್ನೊಂದು ಕಡೆ. ಶರಣಪ್ಪ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ಕಡೆ ಮೂರು ರೀತಿ ಬರೆದಿರುತ್ತಾರೆ. ಗುತ್ತೇದಾರನ ಗುಮಾಸ್ತ ಆತುರದಲ್ಲಿ ತಂದೆಯ ಹೆಸರನ್ನು ಅಡ್ಡಹೆಸರಿನ ಜಾಗದಲ್ಲಿ ತುಂಬುತ್ತಾನೆ. ಈ ಒಂದೊಂದು ಅಕ್ಷರವೂ ಮುಂದೆ ಪಿಂಚಣಿಯ ಅರ್ಜಿ ತಿರಸ್ಕಾರವಾಗಲು ಸಾಕು. ಇದನ್ನು ಜಂಟಿ ಘೋಷಣೆಯ ಮೂಲಕ ತಿದ್ದಬಹುದು, ಆದರೆ ತಿದ್ದುಪಡಿ ಕೆಲಸದಲ್ಲಿರುವಾಗ ಸುಲಭ, ಕಾರ್ಖಾನೆ ಬಿಟ್ಟು ಹತ್ತು ವರ್ಷವಾದ ಮೇಲೆ ಬಲು ಕಷ್ಟ. ಹಾಗಾಗಿ ಹಂಗಾಮಿನ ಮೊದಲ ವಾರದಲ್ಲೇ ಆಧಾರ್ ಇಟ್ಟುಕೊಂಡು ಹೆಸರು, ತಾರೀಕು, ನಾಮಿನಿ ಮೂರನ್ನೂ ಹೊಂದಿಸಿ ನೋಡುವುದು ಕಾರ್ಖಾನೆಯ ಕರ್ತವ್ಯವಾಗಬೇಕು. ಇದಕ್ಕೆ ಬೇಕಾದದ್ದು ಒಬ್ಬ ಗುಮಾಸ್ತನ ಕೆಲವು ದಿನಗಳ ಸಮಯ ಅಷ್ಟೇ.

ಮಾಲೀಕರ ಕಡೆಯಿಂದಲೂ ಒಂದು ಮಾತು ಕೇಳಿಬರುತ್ತದೆ: ವಂತಿಗೆ ಹೆಚ್ಚಾದರೆ ಕೆಲಸಗಾರನ ಕೈಗೆ ಸಿಗುವ ಪಗಾರ ಕಡಿಮೆಯಾಗುತ್ತದೆ, ಅವನಿಗೇ ಅದು ಬೇಡ. ಈ ನೆಪದಲ್ಲಿ ಮೂಲ ವೇತನವನ್ನು ಕುಗ್ಗಿಸಿ ಉಳಿದದ್ದನ್ನು ಬಗೆಬಗೆಯ ಭತ್ಯೆಗಳಾಗಿ ಒಡೆಯುವ ಪದ್ಧತಿ ಬೆಳೆಯಿತು. ಎಲ್ಲರಿಗೂ ಒಂದೇ ರೀತಿ, ತಪ್ಪದೆ ಕೊಡುವ ಭತ್ಯೆಯನ್ನು ಮೂಲ ವೇತನದ ಭಾಗವೆಂದೇ ಹಿಡಿಯಬೇಕೆಂದು 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನಕ್ಕೆ ಸೇರಿಸಬೇಕು. ಕೈಗೆ ಸಿಗುವ ಪಗಾರದ ಮಾತಾಡುವವರು ಇನ್ನೊಂದು ಬದಿಯನ್ನೂ ಹೇಳಬೇಕು: ಕೆಲಸಗಾರನ ಕಡಿತ ಉಳಿದ ಪ್ರತಿ ರೂಪಾಯಿಗೆ ಮಾಲೀಕನ ಕಡೆಯಿಂದಲೂ ಒಂದು ರೂಪಾಯಿ ಉಳಿಯುತ್ತದೆ. ಆ ಉಳಿತಾಯ ಸೇರುವುದು ಕೆಲಸಗಾರನ ಜೇಬಿಗಲ್ಲ.

ಈ ಎಲ್ಲ ಹಕ್ಕು ಗೇಟಿನೊಳಗೆ ಹೆಸರು ಬರೆಸಿದವರಿಗೆ ಮಾತ್ರ ಎಂಬುದನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಕಾರ್ಖಾನೆಗೆ ಕಬ್ಬು ಕಡಿದು ಕೊಡುವ ಟೋಳಿಗಳು ಮುಂಗಡದ ಲೆಕ್ಕದಲ್ಲಿ ದುಡಿಯುತ್ತವೆ; ಹೆಂಡತಿ ಮಕ್ಕಳೊಂದಿಗೆ ಹೊಲದ ಬದುವಿನಲ್ಲಿ ಗುಡಿಸಲು ಹಾಕುವ ಅವರ ಹೆಸರು ಸಾಮಾನ್ಯವಾಗಿ ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. 20ಕ್ಕಿಂತ ಕಡಿಮೆ ಜನ ಇರುವ ಘಟಕಗಳು ಕಾಯ್ದೆಯ ಕಡ್ಡಾಯದಿಂದ ಹೊರಗೆ. 2019ರ ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ ಯೋಜನೆಯಲ್ಲಿ ಇಂಥವರು ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ 60ಕ್ಕೆ 3,000 ಪಿಂಚಣಿ ಇದೆ. ಆದರೆ ಅಲ್ಲಿ ಮಾಲೀಕನ ಪಾಲಿಲ್ಲ, ತಿಂಗಳು ತಪ್ಪದೆ ಕಟ್ಟುವ ಹೊಣೆ ಕೂಲಿಯವನ ಮೇಲೆಯೇ. ಹಂಗಾಮನ್ನು ವರ್ಷವೆಂದು ಎಣಿಸುವ ವಿವೇಕ ಕಬ್ಬು ನುರಿಸುವವನಿಗೆ ಸಲ್ಲುವುದಾದರೆ ಅದೇ ಕಬ್ಬನ್ನು ಕಡಿಯುವವನಿಗೆ ಏಕೆ ಸಲ್ಲಬಾರದು ಎಂಬ ಪ್ರಶ್ನೆಗೆ ನಮ್ಮ ಕಾನೂನು ಉತ್ತರ ಕೊಟ್ಟಿಲ್ಲ. ಆ ಪ್ರಶ್ನೆಯನ್ನು ಬಿಡದೆ ಕೇಳುತ್ತಿರಬೇಕು.

ಇರುವ ಹಕ್ಕನ್ನು ಉಳಿಸಿಕೊಳ್ಳಲು ಹೊಸ ಕಾನೂನು ಬೇಕಿಲ್ಲ. ಹಂಗಾಮು ಮುಗಿದ ದಿನ, ಲೆಕ್ಕ ಚುಕ್ತಾ ಮಾಡುವ ಹೊತ್ತಿಗೆ, ಪ್ರತಿಯೊಬ್ಬನ ಕೈಗೂ ಕನ್ನಡದಲ್ಲಿ ಒಂದು ಚೀಟಿ ಬರಲಿ: ನಿನ್ನ ಯುಎಎನ್ ಇದು, ಈ ಹಂಗಾಮಿಗೆ ಕಟ್ಟಿದ ವಂತಿಗೆ ಇಷ್ಟು, ಪಿಂಚಣಿಯ ಲೆಕ್ಕದಲ್ಲಿ ನಿನಗೆ ಇಲ್ಲಿಯವರೆಗೆ ಇಷ್ಟು ವರ್ಷ ಆದವು, ಹತ್ತಕ್ಕೆ ಇನ್ನಿಷ್ಟು ಬಾಕಿ. ಭವಿಷ್ಯ ನಿಧಿ ಕಚೇರಿ 10ಸಿ ಅರ್ಜಿಯಲ್ಲಿ ಎರಡೂ ದಾರಿಗಳನ್ನು ಕನ್ನಡದಲ್ಲಿ ಬರೆದು, ಒಂದನ್ನು ಆರಿಸಿದರೆ ಏನು ಹೋಗುತ್ತದೆ ಎಂದು ಅಲ್ಲೇ ತಿಳಿಸಲಿ. ಆರು ಹಂಗಾಮು ಮುಗಿಸಿ ಊರಿಗೆ ಮರಳುವವನ ಚೀಟಿಯಲ್ಲಿ 'ಬಾಕಿ 4' ಎಂದು ಬರೆದಿದ್ದರೆ ಅವನು ಆನ್‌ಲೈನ್ ಸೆಂಟರಿನ ಮುಂದೆ ಒಂದು ಕ್ಷಣವಾದರೂ ನಿಂತು ಯೋಚಿಸುತ್ತಾನೆ. ಕಾಯಿ ಕಟ್ಟಲು ಇನ್ನೆಷ್ಟು ದಿನ ಎಂದು ಗೊತ್ತಿರುವ ರೈತ ಹಸಿ ತೊಗರಿಯನ್ನು ಬೇರುಸಹಿತ ಕೀಳುವುದಿಲ್ಲ. ಆ ಗೊತ್ತು ಮಾಡಿಸುವ ಕೆಲಸವನ್ನು ಕಾರ್ಖಾನೆ, ಗುತ್ತೇದಾರ, ಕಚೇರಿ ಮೂವರೂ ಈ ಹಂಗಾಮಿನಿಂದಲೇ ಮಾಡಬೇಕು.